ಕ್ರೌಂಚಗಳ ನದಿ, ತೋಟಾಗಳ ಊರು

ಊರಿನ ಹೆಸರು ಗ್ರ್ಯಾಂಡ್ ಐಲೆಂಡ್. ಅಂದರೆ ದೊಡ್ಡ ದ್ವೀಪ. ಆದರೆ ಊರಿಗೆ ಬಂದಿಳಿದವರು ದ್ವೀಪ ಎಲ್ಲಿದೆ ಎಂದು ಹುಡುಕಬೇಕು! ಅಮೆರಿಕದ ನಟ್ಟನಡುವೆ, ಸಮುದ್ರದ ಗಾಳಿಯೂ ಸುಳಿಯದ ನೆಬ್ರಾಸ್ಕ ರಾಜ್ಯದಲ್ಲಿ, ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲಗಳಿರುವ ಬಯಲಿನಲ್ಲಿ ಈ ಊರಿದೆ. ಇಲ್ಲಿ ಪ್ಲಾಟ್ ನದಿ ಒಂದೇ ಹರಿವಾಗಿ ಹರಿಯುವುದಿಲ್ಲ. ಕವಲೊಡೆದು, ಮತ್ತೆ ಕೂಡಿ, ಮತ್ತೆ ಕವಲಾಗುತ್ತದೆ. ಆ ಕವಲುಗಳ ನಡುವೆ ಸಿಕ್ಕಿಬಿದ್ದ ಉದ್ದನೆಯ ನೆಲಕ್ಕೆ, ತುಪ್ಪುಳಿನ ವ್ಯಾಪಾರಕ್ಕೆ ಬಂದ ಫ್ರೆಂಚರು ದೊಡ್ಡ ದ್ವೀಪವೆಂದು ಹೆಸರಿಟ್ಟರು. 1857ರಲ್ಲಿ ಜರ್ಮನ್ ವಲಸೆಗಾರರು ಬಂದು ನೆಲೆಸಿದರು. 1866ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ಬಂತು. ಊರು ರೈಲಿನ ಹಾದಿಯಲ್ಲಿ ಬೆಳೆಯಿತು, ದ್ವೀಪದ ಹೆಸರು ಮಾತ್ರ ಉಳಿಯಿತು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 53 ಸಾವಿರ.

ಈ ಊರನ್ನು ಎರಡು ಬಗೆಯ ಜನ ಬಲ್ಲರು. ಒಂದು, ಹಕ್ಕಿ ನೋಡುವವರು. ಇನ್ನೊಂದು, ಕೋವಿಯ ಗುಂಡನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸಿಗಳು. ಇಬ್ಬರೂ ಒಂದೇ ಹೆದ್ದಾರಿಯಲ್ಲಿ ಬರುತ್ತಾರೆ. ಅಚ್ಚರಿಯೆಂದರೆ, ಇಬ್ಬರಿಗೂ ಊರು ಕಲಿಸುವ ಪಾಠ ಒಂದೇ.

ಬೆಳಗಿನ ಮುಂಚಿನ ಮೌನ

ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಪ್ಲಾಟ್ ನದಿಯ ಈ ಭಾಗ ಸ್ಯಾಂಡ್‌ಹಿಲ್ ಕ್ರೌಂಚಗಳದ್ದು. ಮೆಕ್ಸಿಕೊ, ಟೆಕ್ಸಾಸ್ ಕಡೆಯಿಂದ ಕೆನಡಾ, ಅಲಾಸ್ಕಾ, ಅಷ್ಟೇಕೆ ಸೈಬೀರಿಯದವರೆಗೂ ಹೋಗುವ ಐದು ಲಕ್ಷಕ್ಕೂ ಮಿಕ್ಕಿದ ಹಕ್ಕಿಗಳು ಇಲ್ಲಿ ತಂಗುತ್ತವೆ. ಹಗಲು ಹೊಲದಲ್ಲಿ ಉದುರಿಬಿದ್ದ ಜೋಳದ ಕಾಳು ತಿಂದು ಮೈ ತುಂಬಿಕೊಳ್ಳುತ್ತವೆ. ರಾತ್ರಿ ನದಿಯ ತೆಳುನೀರಿನಲ್ಲಿ ನಿಂತೇ ನಿದ್ರಿಸುತ್ತವೆ. ಕಳ್ಳಹೆಜ್ಜೆಯಲ್ಲಿ ಬರುವ ನರಿ ನೀರು ಕಲಕಿದರೆ ಸದ್ದಾಗುತ್ತದೆ, ಹಕ್ಕಿಗೆ ಎಚ್ಚರವಾಗುತ್ತದೆ. ನೀರು ಆಳವಾದರೆ ನಿಲ್ಲಲಾಗದು, ಒಣಗಿದರೆ ಕಾವಲಿಲ್ಲ. ಎಲ್ಲ ಅಳತೆಯ ಮಾತು!

ನೋಡುಗರು ನಸುಕಿಗೆ ಮುಂಚೆಯೇ ದಂಡೆಯ ಮರೆಗುಡಿಸಲು ಹೊಕ್ಕು, ದೀಪ ಹಚ್ಚದೆ, ಮಾತಾಡದೆ ಕಾಯಬೇಕು. ಬೆಳಕು ಹರಿದಂತೆ ಬೂದುಬಣ್ಣದ ಮರಳುದಿಬ್ಬ ಅಲುಗುತ್ತದೆ. ಅದು ದಿಬ್ಬವಲ್ಲ, ಹಕ್ಕಿಗಳ ಸಾಲು! ಮರುಗಳಿಗೆಯಲ್ಲಿ ಸಾವಿರಾರು ಕೊರಳು ಒಟ್ಟಿಗೆ ಕೂಗಿ ಆಕಾಶಕ್ಕೇರುತ್ತವೆ. ಈ ಹಾರುದಾರಿಯ ರಾಜ್ಯಗಳ ಪೈಕಿ ಈ ಕ್ರೌಂಚಗಳ ಬೇಟೆಗೆ ಅನುಮತಿ ಕೊಡದಿರುವುದು ನೆಬ್ರಾಸ್ಕ ಮಾತ್ರ. ಗುಂಡು ತಯಾರಿಸುವ ಊರಿನ ಮಗ್ಗುಲಲ್ಲೇ ಗುಂಡಿನ ಭಯವಿಲ್ಲದ ಹಕ್ಕಿಗಳು.

ಯುದ್ಧ ತಂದ ಕಸುಬು

ಊರಿಗೆ ಮದ್ದಿನ ನಂಟು ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಊರಿನ ಪಶ್ಚಿಮಕ್ಕೆ ಸುಮಾರು 12 ಸಾವಿರ ಎಕರೆ ನೆಲದಲ್ಲಿ ಕಾರ್ನ್‌ಹಸ್ಕರ್ ಮದ್ದುಗುಂಡು ಕಾರ್ಖಾನೆ ಎದ್ದಿತು. ಬಾಂಬು, ಫಿರಂಗಿ ಗುಂಡುಗಳಿಗೆ ಸ್ಫೋಟಕ ತುಂಬುವುದು ಅದರ ಕೆಲಸ. ಕೊರಿಯಾ, ವಿಯೆಟ್ನಾಂ ಯುದ್ಧಗಳ ಕಾಲದಲ್ಲೂ ಅದು ದುಡಿಯಿತು; 1973ರಲ್ಲಿ ತಯಾರಿಕೆ ನಿಂತಿತು.

ಯುದ್ಧಕಾಲದಲ್ಲಿ ಅಲ್ಲಿನ ಕಾವಲುಗಾರರಿಗೆ ಗುರಿ ಹೊಡೆಯುವುದನ್ನು ಕಲಿಸಲು ಬಂದವರಲ್ಲಿ ಜಾಯ್ಸ್ ಹಾರ್ನಡಿ ಒಬ್ಬರು. ಆಗ ಬೇಟೆಗಾರರಿಗೆ ಗುಂಡಿನ ಅಭಾವ. ಹಾರ್ನಡಿ ಮತ್ತು ವರ್ನನ್ ಸ್ಪೀರ್ ಎಂಬ ಗೆಳೆಯ ಸೇರಿ, ಹಾರಿಸಿ ಬಿಸುಟ ಸಣ್ಣ ತೋಟಾಗಳ ಹಿತ್ತಾಳೆಯನ್ನೇ ಹೊಸ ಗುಂಡಿನ ಹೊದಿಕೆಯಾಗಿ ಎಳೆಯುವ ಯಂತ್ರ ಮಾಡಿದರು. ಕಸದಿಂದ ರಸ! ಸ್ಪೀರ್ ಇಡಾಹೋ ರಾಜ್ಯದ ಲೂಯಿಸ್ಟನ್‌ಗೆ ಹೋಗಿ ತಮ್ಮದೇ ಉದ್ಯಮ ಕಟ್ಟಿದರು. ಹಾರ್ನಡಿ 1949ರಲ್ಲಿ ಗ್ರ್ಯಾಂಡ್ ಐಲೆಂಡಿನಲ್ಲೇ ಗುಂಡಿನ ತಯಾರಿಕೆ ಆರಂಭಿಸಿದರು. 1981ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸಿನ ಮೇಳವೊಂದಕ್ಕೆ ಹೊರಟಿದ್ದಾಗ ಇಬ್ಬರು ಸಹೋದ್ಯೋಗಿಗಳೊಡನೆ ವಿಮಾನ ದುರಂತದಲ್ಲಿ ತೀರಿಕೊಂಡರು. ಮನೆಯವರು ಉದ್ಯಮ ಮುಂದುವರಿಸಿದರು. ಗುಂಡಷ್ಟೇ ಅಲ್ಲ, ತೋಟಾ ತುಂಬುವ ಪ್ರೆಸ್ಸುಗಳೂ ಇಲ್ಲಿಂದ ಹೊರಡುತ್ತವೆ.

ನೆಲಮಾಳಿಗೆಯ ಮೇಜು

ಮಲೆನಾಡು, ಕೊಡಗಿನವರಿಗೆ ಕೇಪು, ತೋಟಾ ಹೊಸ ಮಾತುಗಳಲ್ಲ. ಉಳಿದವರಿಗಾಗಿ ಒಂದಿಷ್ಟು ವಿವರಣೆ. ರೈಫಲ್ಲಿನ ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಬಡಿದರೆ ಕಿಡಿ ಕಾರುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕೇಪು ಸಾಯುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ಅದೇ ತೋಟಾದ ಬೆಲೆಬಾಳುವ ಭಾಗ. ಅದನ್ನು ಮತ್ತೆ ತುಂಬಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಸ್ವಂತ ಬಳಕೆಗೆ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ. ಮಾರಾಟಕ್ಕೆ ತಯಾರಿಸಿದರೆ ಕೇಳುತ್ತದೆ.

ಈ ಹಿತ್ತಾಳೆಯಲ್ಲಿ ತಾಮ್ರ 70 ಪಾಲು, ಸತು 30 ಪಾಲು. ಒತ್ತಡಕ್ಕೆ ಅದು ಉಬ್ಬಿ ಕೋವಿಯ ಗೋಡೆಗೆ ಅಂಟಿ ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಕ್ಷಣದಲ್ಲೇ ತುಸು ಕುಗ್ಗಿ ಹೊರಬರುತ್ತದೆ. ಸ್ಥಿತಿಸ್ಥಾಪಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಮತ್ತೆ ಮತ್ತೆ ಉಬ್ಬಿ ಒತ್ತಿಸಿಕೊಂಡ ಹಿತ್ತಾಳೆ ಪೆಡಸಾಗಿ ಬಿರುಕು ಬಿಡುತ್ತದೆ. ನಮ್ಮ ಕಂಚುಗಾರರು ಬಡಿಯುತ್ತಾ ನಡುನಡುವೆ ಪಾತ್ರೆಯನ್ನು ಬೆಂಕಿಗೆ ಹಿಡಿಯುವುದು ಈ ಪೆಡಸುತನ ಕಳೆಯಲೆಂದೇ.

ನೆಬ್ರಾಸ್ಕದ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುತ್ತದೆ. ಸುಂಟರಗಾಳಿ ಬಂದರೆ ಇಳಿಯುವ ಆಸರೆ ಅದು. 1980ರ ಜೂನ್ 3ರ ರಾತ್ರಿ ಒಂದರ ಹಿಂದೊಂದು ಏಳು ಸುಂಟರಗಾಳಿಗಳು ಈ ಊರನ್ನು ಹೊಕ್ಕು ಐವರು ಸತ್ತರು. ಅಂದು ಅನೇಕರನ್ನು ಉಳಿಸಿದ್ದು ನೆಲಮಾಳಿಗೆಯೇ. ಚಳಿಗಾಲದಲ್ಲಿ ಅದೇ ಜಾಗ ಹವ್ಯಾಸಿಗಳ ಕೆಲಸದ ಮನೆ.

ಸಾಧಾರಣ ಪ್ರೆಸ್ಸಿನಲ್ಲಿ ಹಿಡಿಕೆ ಒಮ್ಮೆ ಎಳೆದರೆ ಒಂದು ಕೆಲಸ. 'ಪ್ರೋಗ್ರೆಸಿವ್' ಪ್ರೆಸ್ಸು ಹಾಗಲ್ಲ. ಅದರ ತಿರುಗುವ ತಟ್ಟೆಯ ಮೇಲೆ ಐದಾರು ಕೊಳವೆಗಳು ಒಟ್ಟಿಗೆ ನಿಂತಿರುತ್ತವೆ. ಒಂದೇ ಎಳೆತಕ್ಕೆ ಮೊದಲನೆಯದರ ಹಳೆಯ ಕೇಪು ಉದುರಿ ಮೈ ಅಳತೆಗೆ ಬರುತ್ತದೆ, ಮುಂದಿನದಕ್ಕೆ ಹೊಸ ಕೇಪು, ಇನ್ನೊಂದಕ್ಕೆ ಮದ್ದು, ಮತ್ತೊಂದಕ್ಕೆ ಗುಂಡು, ಕೊನೆಯದಕ್ಕೆ ಬಾಯಿ ಬಿಗಿತ. ತಟ್ಟೆ ಒಂದು ಹೆಜ್ಜೆ ತಿರುಗುತ್ತದೆ. ಎಳೆದಾಗಲೆಲ್ಲ ಒಂದು ಸಿದ್ಧ ತೋಟಾ! ಊರಾಚೆಯ ದೊಡ್ಡ ಕಾರ್ಖಾನೆಯ ಸಾಲನ್ನೇ ಮೇಜಿನಗಲಕ್ಕೆ ಇಳಿಸಿದಂತೆ.

ಹೊಸಬರು ಇಲ್ಲೇ ಎಡವುವುದು. ಯಂತ್ರ ವೇಗದ್ದು, ಆದ್ದರಿಂದ ಜೋಡಣೆಯೂ ವೇಗವಾಗಿ ಮುಗಿಯಬೇಕೆಂದು ಅವಸರಿಸುತ್ತಾರೆ. ಬಲ್ಲವರು ಹೇಳುವುದು ಇದಕ್ಕೆ ತದ್ವಿರುದ್ಧ: ಮೊದಲ ದಿನ ಮೇಜನ್ನಷ್ಟೇ ಭದ್ರಪಡಿಸಿ. ಮೇಜು ಅಲುಗಿದರೆ ಮದ್ದಿನ ಅಳತೆಯೂ ಅಲುಗುತ್ತದೆ. ಆಮೇಲೆ ಮದ್ದಿಲ್ಲದೆ, ಕೇಪಿಲ್ಲದೆ, ಒಂದೇ ಒಂದು ಖಾಲಿ ಕೊಳವೆಯನ್ನು ಹಿಡಿದು ಒಂದೊಂದೇ ಅಚ್ಚನ್ನು ಹೊಂದಿಸಿ. ಐದು ಕೆಲಸ ಒಟ್ಟಿಗೆ ಮಾಡುವ ಯಂತ್ರಕ್ಕೆ, ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಮನುಷ್ಯ ಬೇಕು. ಹೊಸಬರು ಸಾಧಾರಣ ಪ್ರೆಸ್ಸಿನಲ್ಲೇ ಕೈ ಪಳಗಿಸಿಕೊಳ್ಳಲಿ ಎಂದು ಹಿರಿಯ ಹವ್ಯಾಸಿಗಳು ಹೇಳುವುದೂ ಇದಕ್ಕೇ.

ಗುಲಗಂಜಿಯ ಅರ್ಧ

ಮದ್ದನ್ನು ತೂಗುವುದು 'ಗ್ರೇನ್' ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ! ತಕ್ಕಡಿಯನ್ನು ಗೊತ್ತಿರುವ ತೂಕದ ಬಟ್ಟಿನಿಂದ ಪರೀಕ್ಷಿಸಿ, ಯಂತ್ರ ಸುರಿದ ಮದ್ದನ್ನು ಹತ್ತು ಸಲ ಬೇರೆಬೇರೆಯಾಗಿ ತೂಗಬೇಕು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಮಾತಿದೆ. ಹತ್ತರ ಸರಾಸರಿ ಸರಿಬಂದರೆ ಸಾಲದು, ಹತ್ತೂ ಸರಿಯಿರಬೇಕು. ಒಂದು ಹೆಚ್ಚು, ಒಂದು ಕಡಿಮೆ ಸೇರಿ ಸರಾಸರಿ ಚೆನ್ನಾಗಿ ಬರಬಹುದು. ಆದರೆ ಕೋವಿಗೆ ಸರಾಸರಿ ತಿಳಿಯದು. ಅದು ಆ ಕ್ಷಣ ತನ್ನೊಳಗಿರುವ ಒಂದೇ ತೋಟಾವನ್ನು ಬಲ್ಲದು.

ತಪ್ಪಿದರೆ ಏನಾಗುತ್ತದೆ? ಮದ್ದು ಬೀಳದೆ ಹೋದರೆ ಕೇಪಿನ ಬಲಕ್ಕೇ ಗುಂಡು ನಳಿಗೆಯ ನಡುವೆ ಸಿಕ್ಕಿಬೀಳಬಹುದು. ಅರಿಯದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ. ಎರಡು ಸಲ ಬಿದ್ದರೆ ಕೋವಿಯೇ ಸಿಡಿದು ಕೈ, ಕಣ್ಣು ಹೋಗಬಹುದು. ಕಾರಿನ ಚಕ್ರದಲ್ಲಿ ಚದರ ಅಂಗುಲಕ್ಕೆ ಮೂವತ್ತು ಚಿಲ್ಲರೆ ಪೌಂಡು ಗಾಳಿಯಿದ್ದರೆ, ಅಮೆರಿಕದ ಪ್ರಸಿದ್ಧ .30-06 ರೈಫಲ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ 60,000 ಪೌಂಡು! ಆದ್ದರಿಂದಲೇ ಗುಂಡು ಕೂರಿಸುವ ಮುನ್ನ ಪ್ರತಿ ಕೊಳವೆಯೊಳಗೂ ಬೆಳಕು ಬಿಟ್ಟು ಕಣ್ಣಾರೆ ನೋಡುವುದು ನಿಯಮ. ಟೀವಿ, ರೇಡಿಯೊ ನಡೆಯುತ್ತಿರಬಾರದು. ಫೋನು ಬಂದು ಕೈ ನಿಂತರೆ, ಎಲ್ಲಿಗೆ ನಿಂತಿತ್ತು ಎಂದು ಊಹಿಸಬಾರದು. ತಟ್ಟೆ ಬರಿದು ಮಾಡಿ ಮೊದಲಿನಿಂದ ಆರಂಭಿಸಬೇಕು. ಮರೆಗುಡಿಸಲಿನ ಮೌನವೇ ಇಲ್ಲೂ ಬೇಕು.

ಇನ್ನೊಂದು ಎಚ್ಚರ ಸೀಸದ್ದು. ಗುಂಡಿನಲ್ಲೂ ಸಾಮಾನ್ಯವಾಗಿ ಕೇಪಿನಲ್ಲೂ ಸೀಸವಿದೆ. ಅದರ ದೂಳು ಮಕ್ಕಳ ಮಿದುಳಿಗೆ ಕೆಡುಕು. ಮೇಜಿನ ಬಳಿ ತಿನ್ನಬಾರದು, ಎದ್ದೊಡನೆ ಕೈ ತೊಳೆಯಬೇಕು, ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಮದ್ದು ಅದರ ಮೂಲ ಡಬ್ಬಿಯಲ್ಲೇ ಇರಬೇಕು. ಬಯಲಲ್ಲಿ ಭುಗ್ಗೆಂದು ಉರಿದುಹೋಗುವ ಈ ಮದ್ದು, ಬಿಗಿಯಾದ ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತಿಕೊಂಡರೆ ಬಾಂಬಿನಂತಾಗುತ್ತದೆ.

ಓದುವ ಮಕ್ಕಳಿಗೂ ಹೆತ್ತವರಿಗೂ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಇದು ನಮ್ಮಲ್ಲಿ ಮಾಡಿನೋಡುವ ಪ್ರಯೋಗವಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಶಿಕ್ಷಾರ್ಹ ಅಪರಾಧ. ಅಮೆರಿಕದಲ್ಲೂ ಮನೆಮನೆಯ ಕೋವಿ ಕುರಿತ ವಾದ ಮುಗಿದಿಲ್ಲ. ಬೀಗ ಹಾಕದ ಕೋವಿ ಮಗುವಿನ ಕೈಗೆ ಸಿಕ್ಕ ದುಃಖದ ಕಥೆಗಳು ಅಲ್ಲಿ ಬಹಳ. ನಾವು ತರಬೇಕಾದ್ದು ತೋಟಾವನ್ನಲ್ಲ, ಅದನ್ನು ಅಳೆಯುವ ಎಚ್ಚರವನ್ನು.

ಬಾವಿಯ ನೀರಿನಲ್ಲಿ ಉಳಿದದ್ದು

ಆ ಎಚ್ಚರ ತಪ್ಪಿದ್ದರ ಸಾಕ್ಷಿಯೂ ಇದೇ ಊರಿನಲ್ಲಿದೆ. ಕಾರ್ನ್‌ಹಸ್ಕರ್ ಕಾರ್ಖಾನೆಯಲ್ಲಿ ಬಾಂಬಿನೊಳಗೆ ಹೋಗುವ ಸ್ಫೋಟಕಕ್ಕೆ ಲೆಕ್ಕವಿತ್ತು. ಆದರೆ ನೆಲ, ಯಂತ್ರ ತೊಳೆದ ನೀರನ್ನು ಹೊರಗಿನ ಮಣ್ಣಿನ ಗುಂಡಿಗಳಿಗೆ ಬಿಟ್ಟರು. ನೀರು ಇಂಗಿತು, ಎಲ್ಲರೂ ಮರೆತರು. ಪ್ಲಾಟ್ ಕಣಿವೆಯ ನೆಲ ಮರಳು, ಜಲ್ಲಿಯದು. ಅಂತರ್ಜಲ ಮೇಲಕ್ಕೇ ಇದೆ. ಆರ್‌ಡಿಎಕ್ಸ್ ಎಂಬ ಸ್ಫೋಟಕ ಆ ನೀರಿನೊಡನೆ ನಿಧಾನವಾಗಿ ಊರಿನತ್ತ ಮೈಲಿಗಟ್ಟಲೆ ಸರಿಯಿತು. 1980ರ ದಶಕದಲ್ಲಿ ಜನರ ಮನೆಬಾವಿಗಳಲ್ಲಿ ಅದು ಕಾಣಿಸಿತು. ನೂರಾರು ಮನೆಗಳಿಗೆ ನಗರದ ನಳದ ನೀರು ಕೊಡಬೇಕಾಯಿತು. 1987ರಲ್ಲಿ ಈ ಜಾಗ ಅಮೆರಿಕ ಸರ್ಕಾರದ ತುರ್ತು ಶುದ್ಧೀಕರಣದ ಪಟ್ಟಿಗೆ ಸೇರಿತು. ಮಣ್ಣು ಅಗೆದು ಸುಟ್ಟರು, ನೀರನ್ನು ಪಂಪಿನಿಂದ ಎತ್ತಿ ಶುದ್ಧಿ ಮಾಡಿದರು.

ಮೇಜಿನ ಮೇಲಿನ ತಪ್ಪು ಒಂದು ಕ್ಷಣದಲ್ಲಿ ಬಯಲಾಗುತ್ತದೆ. ಗುಂಡಿಗೆ ಚೆಲ್ಲಿದ ನೀರಿನ ತಪ್ಪು ಬಯಲಾಗಲು ಸುಮಾರು ನಲವತ್ತು ವರ್ಷ ಬೇಕಾಯಿತು. ಎರಡರ ಮೂಲವೂ ಒಂದೇ: ಕಣ್ಣಿಗೆ ಕಾಣದ್ದನ್ನು ಅಳೆಯದೆ ಬಿಟ್ಟದ್ದು. ವ್ಯತ್ಯಾಸವೆಂದರೆ ಮೊದಲನೆಯದರ ಪೆಟ್ಟು ಮಾಡಿದವನಿಗೇ ಬೀಳುತ್ತದೆ. ಎರಡನೆಯದು ಬಿದ್ದದ್ದು ಬಾವಿಯ ನೀರು ಸೇದಿ ಮಕ್ಕಳಿಗೆ ಕುಡಿಸಿದ ತಾಯಂದಿರ ಮೇಲೆ.

ಊರು ಪಾಠ ಕಲಿಯದೆ ಇಲ್ಲ. ಪ್ಲಾಟ್ ನದಿಯ ನೀರನ್ನು ಮೇಲುಭಾಗದ ಅಣೆಕಟ್ಟೆಗಳು ಹಿಡಿಯುತ್ತಾ ಬಂದಂತೆ ಹರಿವು ಕಿರಿದಾಯಿತು, ಮರಳುದಿಬ್ಬಗಳಲ್ಲಿ ಮರಗಳು ಬೆಳೆದವು, ಕ್ರೌಂಚಗಳಿಗೆ ನಿಲ್ಲಲು ಜಾಗ ಕಡಿಮೆಯಾಯಿತು. ವಯೋಮಿಂಗ್ ರಾಜ್ಯದ ಅಣೆಕಟ್ಟೆಯೊಂದರ ವ್ಯಾಜ್ಯ ರಾಜಿಯಾದಾಗ, 1978ರಲ್ಲಿ ಹಕ್ಕಿಗಳಿಗಾಗಿಯೇ ಒಂದು ಟ್ರಸ್ಟ್ ಹುಟ್ಟಿತು. ಅದು ದಂಡೆಯ ನೆಲ ಕೊಂಡು, ಗಿಡಗಂಟಿ ತೆಗೆದು, ನದಿಯನ್ನು ಮತ್ತೆ ಅಗಲವಾಗಿ ಉಳಿಸಲು ದುಡಿಯುತ್ತಿದೆ.

ಮಾರ್ಚ್ ತಿಂಗಳ ಸಂಜೆ ಕ್ರೌಂಚಗಳು ಹೊಲದಿಂದ ನದಿಗೆ ಮರಳುತ್ತವೆ. ಇಳಿಯುವ ಮುನ್ನ ಸುತ್ತು ಹಾಕುತ್ತವೆ, ಕೆಳಗೆ ನೋಡುತ್ತವೆ. ನೀರು ಸರಿಯಿದೆ ಎನಿಸಿದ ಮೇಲೆಯೇ ಕಾಲು ಚಾಚಿ ಇಳಿಯುತ್ತವೆ. ಸಾವಿರಾರು ಮೈಲಿ ಹಾರಬೇಕಾದ ಹಕ್ಕಿಗೂ ಒಂದು ಸುತ್ತು ಹೆಚ್ಚು ಹಾಕಿ ನೋಡುವಷ್ಟು ಪುರುಸೊತ್ತಿದೆ.