ಸ್ಕಿಡ್ಡಾ ನೆತ್ತಿಯ ಮೇಲೊಂದು ಗಾಳದ ಕೋಲು

ಕೆಸ್ವಿಕ್ ಪೇಟೆಗೆ ಬಂದವರು ಮೊದಲು ಡರ್ವೆಂಟ್ ಸರೋವರದ ದಂಡೆಗೆ ಓಡುತ್ತಾರೆ. ಮೈಸೂರಿನ ನನ್ನ ಹಳೆಯ ಸಹಪಾಠಿ ಮಾತ್ರ ನನ್ನನ್ನು ಪೆನ್ಸಿಲ್ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದ. ಇಂಗ್ಲೆಂಡಿನ ವಾಯವ್ಯದ ಈ ಲೇಕ್ ಡಿಸ್ಟ್ರಿಕ್ಟಿನಲ್ಲಿ, ಪಕ್ಕದ ಬೊರೊಡೇಲ್ ಕಣಿವೆಯಲ್ಲಿ ಶತಮಾನಗಳ ಹಿಂದೆ ಅಪ್ಪಟ ಗ್ರಾಫೈಟ್ ಸಿಕ್ಕಿತು. ಊರು ಪೆನ್ಸಿಲ್ ಮಾಡಿಯೇ ಹೆಸರಾಯಿತು. ಸುಮಾರು 8 ಮೀಟರ್ ಉದ್ದದ ಬಣ್ಣದ ಪೆನ್ಸಿಲೊಂದನ್ನು ನಾನು ಕತ್ತೆತ್ತಿ ನೋಡುತ್ತಿದ್ದರೆ ಅವನದು ಬೇರೆಯೇ ಲೆಕ್ಕ. "ನನ್ನ ಕೋಲು ಇದಕ್ಕಿಂತ ಎರಡು ಮೀಟರ್ ಗಿಡ್ಡ ಕಣೋ!"

ಅವನ ಕೋಲು ಮೀನು ಹಿಡಿಯುವ ಗಾಳದ ಕೋಲು; ಅವನು ಅದನ್ನು ಹೊತ್ತು ತಿರುಗುವುದು ಮಾತ್ರ ರೇಡಿಯೋ ಆಂಟೆನಾದ ತಂತಿ ಎತ್ತಿ ಹಿಡಿಯಲು. ಒಂದರೊಳಗೊಂದು ಸೇರಿಕೊಂಡು ಬೆನ್ನಚೀಲದ ಪಕ್ಕದಲ್ಲಿ ಕೂರುತ್ತದೆ. ಎಳೆದರೆ ಆರು ಮೀಟರ್. ಹಗುರವಾದ ಕಾರ್ಬನ್ ಫೈಬರ್ ಕೋಲು ಬಿಟ್ಟು ಫೈಬರ್ ಗ್ಲಾಸಿನದನ್ನೇ ಹುಡುಕಿ ತಂದಿದ್ದಾನೆ. ಪೆನ್ಸಿಲ್ ಕಡ್ಡಿಯಂತೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಆಂಟೆನಾ ತಂತಿಯ ಪಕ್ಕದಲ್ಲಿ ಅಂಥದ್ದು ನಿಂತರೆ ತಂತಿಯ ಶ್ರುತಿಯೇ ಕೆಡುತ್ತದಂತೆ. ಮ್ಯೂಸಿಯಮ್ಮಿಗೆ ಕರೆತಂದ ಉದ್ದೇಶ ಆಗ ಹೊಳೆಯಿತು.

ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ ಹುಚ್ಚು ಅವನಿಗೆ ಕಾಲೇಜಿನಿಂದಲೂ ಇದೆ. ಇಲ್ಲಿ ಬಂದಮೇಲೆ ಅದಕ್ಕೆ ಬೆಟ್ಟದ ಹುಚ್ಚೂ ಸೇರಿದೆ. 2002ರಲ್ಲಿ ಇದೇ ದೇಶದಲ್ಲಿ ಶುರುವಾದ 'ಸಮಿಟ್ಸ್ ಆನ್ ದಿ ಏರ್' ಎಂಬ ಆಟವದು: ರೇಡಿಯೋ, ಬ್ಯಾಟರಿ, ಆಂಟೆನಾ ಎಲ್ಲವನ್ನೂ ಹೊತ್ತು ಶಿಖರ ಹತ್ತಬೇಕು, ಅಲ್ಲಿಂದ ಕನಿಷ್ಠ ನಾಲ್ವರೊಡನೆ ಮಾತಾಡಬೇಕು, ಆಗ ಅಂಕ. ಕಾರಿನಲ್ಲಿ ಕೂತು ಮಾತಾಡಿದರೆ ಲೆಕ್ಕಕ್ಕಿಲ್ಲ. ಹೀಗೆ 1000 ಅಂಕ ಗಳಿಸಿದವನು 'ಮೌಂಟನ್ ಗೋಟ್'. ಮನೆಯಲ್ಲೇ ಕೂತು ಬೆಟ್ಟದವರ ದನಿ ಬೇಟೆಯಾಡಿ ಅಷ್ಟೇ ಅಂಕ ಗಳಿಸಿದವನು 'ಶ್ಯಾಕ್ ಸ್ಲಾತ್'. ಎರಡನೆಯ ಪದವಿಯೇ ನನಗೆ ಒಗ್ಗೀತು ಅನ್ನಿಸಿತು.

ಬೆಳಿಗ್ಗೆ ಲಾಟ್ರಿಗ್ ಗುಡ್ಡದ ಬದಿಯಿಂದ ಹತ್ತತೊಡಗುತ್ತೇವೆ. ಬೂದು ಮೈ, ಬಿಳಿ ಮುಖದ ಹರ್ಡ್‌ವಿಕ್ ಕುರಿಗಳು ದಾರಿ ಬಿಡದೆ ಮೆಲುಕು ಹಾಕುತ್ತಿವೆ. ನಾವು ಏರಬೇಕಿದ್ದ ಸ್ಕಿಡ್ಡಾ ಬೆಟ್ಟ 931 ಮೀಟರ್ ಅಂದಾಗ ನಾನು ನಕ್ಕಿದ್ದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಇಡೀ ಇಂಗ್ಲೆಂಡಿನ ಅತಿ ಎತ್ತರದ ಶಿಖರವೇ 978. ಆದರೆ ಮುಳ್ಳಯ್ಯನಗಿರಿಯಲ್ಲಿ ಕಾರು ಹೆಚ್ಚುಕಡಿಮೆ ಮೆಟ್ಟಿಲ ಬುಡದವರೆಗೆ ಹೋಗುತ್ತದೆ. ಇಲ್ಲಿ ಪೇಟೆಯಿಂದಲೇ ಕಾಲು. ಲಿಟ್ಲ್ ಮ್ಯಾನ್ ಎಂಬ ಪಕ್ಕದ ಶಿಖರ ದಾಟುವಷ್ಟರಲ್ಲಿ ನನ್ನ ನಗು ಎಲ್ಲೋ ಹಿಂದೆ ಉಳಿದಿತ್ತು.

ನೆತ್ತಿಯಲ್ಲಿ ಸ್ಲೇಟುಕಲ್ಲಿನ ಚೂರುಗಳು, ಗಾಳಿಗೆ ಮರೆಯಾಗಲು ಕಲ್ಲು ಪೇರಿಸಿದ ಮೊಣಕಾಲೆತ್ತರದ ಗೋಡೆಗಳು. ಉತ್ತರಕ್ಕೆ ಸಾಲ್ವೇ ಕೊಲ್ಲಿ, ಅದರಾಚೆ ಸ್ಕಾಟ್ಲೆಂಡ್. ಒಂದೇ ಒಂದು ಮರವಿಲ್ಲ. ನಮ್ಮೂರ ಹ್ಯಾಮ್‌ಗಳಾದರೆ ದಾರಕ್ಕೆ ಕಲ್ಲು ಕಟ್ಟಿ ಮಾವಿನ ಕೊಂಬೆಯ ಮೇಲೆಸೆದು ತಂತಿ ಏರಿಸಿಬಿಡುತ್ತಾರೆ. ಇಲ್ಲಿ ಮರವನ್ನೂ ಹೊತ್ತೇ ತರಬೇಕು!

ಕಲ್ಲುಗಳ ನಡುವೆ ಕೋಲು ಸಿಕ್ಕಿಸಿ, ಮೂರು ಕಡೆ ಹಗ್ಗ ಎಳೆದು ಕಟ್ಟುತ್ತಾನೆ. ತುದಿಯಿಂದ ಎರಡು ತಂತಿಗಳು ತಲೆಕೆಳಗಾದ 'ವಿ'ಯಂತೆ ಇಳಿಯುತ್ತವೆ. 14 ಮೆಗಾಹರ್ಟ್ಸಿನ ಅಲೆ ಸುಮಾರು 20 ಮೀಟರ್ ಉದ್ದ. ತಂತಿ ಅದರ ಅರ್ಧ, ಒಂದೊಂದು ಕೈ ಐದೈದು ಮೀಟರ್. 7 ಮೆಗಾಹರ್ಟ್ಸಿಗೆ ಅದರ ಎರಡರಷ್ಟು ಬೇಕು. ಅದಕ್ಕೆಂದು ಪ್ರತಿ ಕೈಯ ನಡುವೆ ಒಂದು ಪುಟ್ಟ ಕ್ಲಿಪ್: ಬಿಡಿಸಿದರೆ ತಂತಿ ಗಿಡ್ಡ, ಸೇರಿಸಿದರೆ ಉದ್ದ. ಪಿಟೀಲು ವಾದಕರ ಬೆರಳು ತಂತಿಯಲ್ಲಿ ಮಾಡುವ ಕೆಲಸವೇ ಇದು. ಯಾವ ದುಬಾರಿ ಪೆಟ್ಟಿಗೆಗಿಂತಲೂ ಈ ಎರಡು ಕ್ಲಿಪ್ಪುಗಳೇ ನನಗೆ ಜಾಣ ಉಪಾಯವಾಗಿ ಕಂಡವು. ಆದರೆ 14ರಿಂದ 7ಕ್ಕೆ ಬ್ಯಾಂಡ್ ಬದಲಿಸಿದಾಗಲೆಲ್ಲ ಮರಗಟ್ಟಿದ ಬೆರಳುಗಳಿಂದ ಆ ಕ್ಲಿಪ್ ಹುಡುಕುವ ಸೇವೆ ನನ್ನ ಪಾಲಿಗೆ ಬಂತು.

ಗಾಳಿಗೆ ಕೋಲು ಬಿಲ್ಲಾಗುತ್ತದೆ. 1901ರ ಡಿಸೆಂಬರಿನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್ ಮೇಲೆ ಮಾರ್ಕೋನಿಯ ಬಲೂನನ್ನೂ ಗಾಳಿ ಕಸಿದುಕೊಂಡಿತ್ತಂತೆ. ಕೊನೆಗೆ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಅಟ್ಲಾಂಟಿಕ್ ಆಚೆಯ ಸದ್ದು ಕೇಳಿತೆಂದ. ನಿಜಕ್ಕೂ ಕೇಳಿತ್ತೇ ಎಂದು ಬಲ್ಲವರು ಇನ್ನೂ ಜಗಳವಾಡುತ್ತಾರೆ.

ನಮ್ಮದರಲ್ಲಿ ಜಗಳಕ್ಕೆ ಎಡೆಯೇ ಇಲ್ಲ. ಗೆಳೆಯ ತನ್ನ ಕರೆಗುರುತು ಹೇಳಿ, ಹೊರಾಂಗಣದಲ್ಲಿದ್ದೇನೆ ಎನ್ನಲು ಕೊನೆಗೆ 'ಸ್ಟ್ರೋಕ್ ಪೀ' ಸೇರಿಸಿ ಕೂಗುತ್ತಾನೆ. ಐದೇ ವ್ಯಾಟ್, ಒಂದು ಚಿಕ್ಕ ಬಲ್ಬಿನಷ್ಟು. ಮೊದಲು ಬರೀ ಸುಯ್ಯೆನ್ನುವ ಸದ್ದು. ಆಮೇಲೆ ಒಬ್ಬ ಸ್ಪೇನಿನವನು! ಹಿಂದೆಯೇ ಸ್ಲೊವೇನಿಯಾ. ಆಕಾಶದ ಅಯಾನುಗೋಳಕ್ಕೆ ಬಡಿದು ಹಿಂದಿರುಗಿದ ಮಾತು. ಮೂರನೆಯವನು ಏದುಸಿರು ಬಿಡುತ್ತಿದ್ದಾನೆ. ಅವನೂ ಆಸ್ಟ್ರಿಯಾದ ಯಾವುದೋ ಶಿಖರದಲ್ಲಿ ಗಾಳಿ ತಿನ್ನುತ್ತ ಕೂತವನಂತೆ. ಲೈಸೆನ್ಸ್ ಇಲ್ಲದ ನಾನು ತುಟಿ ಪಿಟಕ್ಕೆನ್ನದೆ ಲಾಗ್ ಪುಸ್ತಕದಲ್ಲಿ ಹೆಸರು ಬರೆಯುತ್ತೇನೆ; ಪುಟ ಹಾರದಂತೆ ಮೊಣಕೈ ಊರಿಕೊಂಡು.

ನಾಯಿಯೊಡನೆ ಬಂದ ಅಜ್ಜಿಯೊಬ್ಬರು ಕೋಲು ನೋಡಿ ನಿಂತರು. "ಮೀನು ಸಿಕ್ಕಿತೇ?"

"ಮೂರು ಸಿಕ್ಕಿವೆ, ಇನ್ನೊಂದು ಬೇಕು," ಎಂದ ಇವನು.

ಅಷ್ಟರಲ್ಲಿ ನಾಯಿ ತಂತಿಯ ಕೆಳತುದಿಗೆ ಕಾಲು ತೊಡರಿಸಿಕೊಂಡು ಕೋಲನ್ನು ಅರ್ಧ ಬಗ್ಗಿಸಿಬಿಟ್ಟಿತು. ಅಜ್ಜಿ ಕ್ಷಮೆ ಕೇಳುತ್ತ, ಇವನು ಕ್ಷಮೆ ಕೇಳುತ್ತ, ಇಬ್ಬರೂ ಸೇರಿ ನಾಯಿಯನ್ನು ಬಿಡಿಸಿದರು. ನಾಲ್ಕನೆಯವನು ಸಿಕ್ಕಿದ್ದು ಆಮೇಲೆ, ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನಲ್ಲಿ, ಕೊಲ್ಲಿಯಾಚೆಯ ಸ್ಕಾಟ್ಲೆಂಡಿನವನು.

ಒಂದು ಶಿಖರಕ್ಕೆ ವರ್ಷಕ್ಕೊಮ್ಮೆ ಮಾತ್ರ ಅಂಕವಂತೆ. ಅಂದರೆ ಸ್ಕಿಡ್ಡಾ ಮುಗಿಯಿತು ಎಂದು ನಾನು ಸಮಾಧಾನದಿಂದ ತಂತಿ ಸುತ್ತುತ್ತಿದ್ದೆ. ಅವನು ಆಗಲೇ ನಕ್ಷೆ ಬಿಡಿಸಿ, ನಾಳೆ ಹೆಲ್ವೆಲಿನ್ ಶಿಖರಕ್ಕೆ ಎಷ್ಟು ಗಂಟೆಗೆ ಎದ್ದರೆ ಸರಿ ಎಂದು ಕೇಳುತ್ತಿದ್ದ.