ಕಮೋಡಿನ ಮಡಿ

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಗೆ ಮಳೆನೀರು ತರುತ್ತಿದ್ದ ದಾರಿಗಳನ್ನು ರಸ್ತೆ, ಕಟ್ಟಡಗಳು ಎಂದೋ ನುಂಗಿಬಿಟ್ಟವು. 2010ರಲ್ಲಿ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು ಕೆರೆ ಉಳಿಸಲು ನಿಂತರು. ಹೂಳೇನೋ ತೆಗೆಯಬಹುದು, 13 ಎಕರೆಗೆ ನೀರೆಲ್ಲಿಂದ ತರುವುದು? ಕೊನೆಗೆ ಕೈಹಿಡಿದದ್ದು ಪಕ್ಕದ ಸೌತ್ ಸಿಟಿ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆನೀರು ಶುದ್ಧೀಕರಣ ಘಟಕ. ಆ ಮನೆಗಳವರು ಮಿಂದು, ತೊಳೆದು, ಫ್ಲಶ್ ಮಾಡಿ ಬಿಟ್ಟ ನೀರೇ ಶುದ್ಧವಾಗಿ ಬಂದು ಅಲ್ಲಿನ ನಾಮದ ಕೋಳಿ, ನೇರಳೆ ಜಂಬುಕೋಳಿಗಳಿಗೆ ಆಸರೆಯಾಗಿದೆ. ದಡದ ಮೇಲೆ ನಡೆಯುತ್ತ ಅದನ್ನು ಚೆಂದವೆನ್ನುವ ನಾವೇ, ಅಂಥ ನೀರನ್ನು ನಮ್ಮ ಕಮೋಡಿಗೆ ಬಿಡೋಣವೆಂದರೆ ಮುಖ ಸಿಂಡರಿಸುತ್ತೇವೆ. ಕಮೋಡಿಗೂ ಮಡಿ!

ಈ ಹೇಸಿಗೆ ಹಿರಿಯರಿಂದ ಬಂದದ್ದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಡಿಯಲ್ಲಿ ನಮಗಿಂತ ಬಹಳ ಕಟ್ಟುನಿಟ್ಟಾಗಿದ್ದವರ ಹಿತ್ತಿಲಲ್ಲೂ ಬಚ್ಚಲ ನೀರು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ ಹೋಗುತ್ತಿತ್ತು. ಆ ಬಾಳೆಯ ಎಲೆಯಲ್ಲೇ ಹಬ್ಬದೂಟ. ಹೇಸಿಗೆ ಹುಟ್ಟಿದ್ದು ಕೊಳಾಯಿಯ ಜೊತೆಗೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುವ ಗರಜು ಹೋದ ಮೇಲೆ, ಬಳಸಿದ್ದೆಲ್ಲ ಮೋರಿ ನೀರಾಯಿತು. ನೀರು ಪೂರೈಸುವ ಎಂಜಿನಿಯರುಗಳ ರೂಢಿಯೂ ಇದಕ್ಕೆ ಹೊಂದಿಕೊಂಡಿತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ: ಒಂದು ಸಾಲದಾದಾಗ ಅದಕ್ಕಿಂತ ದೂರದ್ದು. ಕಾವೇರಿ ಸುಮಾರು 100 ಕಿ.ಮೀ. ಆಚೆಯಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಾಗುತ್ತ, ಸುಮಾರು 500 ಮೀಟರ್ ಏರಿ ಬರುತ್ತದೆ. ಎಂಜಿನಿಯರುಗಳ ಪುಸ್ತಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಅದರಲ್ಲಿ 45 ಲೀಟರ್ ಫ್ಲಶ್ಶಿಗೆ. ಅಷ್ಟು ಕರೆಂಟು ಸುಟ್ಟು ಏರಿಸಿದ ಕುಡಿಯುವ ನೀರಿನಲ್ಲಿ ಮೂರರಲ್ಲೊಂದು ಪಾಲನ್ನು ಕಕ್ಕಸಿಗೆಂದು ಮೊದಲೇ ತೆಗೆದಿಡುವ ಲೆಕ್ಕವಿದು. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿತು. ಫ್ಲಶ್ಶಿನ ಸುದ್ದಿಗೆ ಯಾರೂ ಹೋಗಲಿಲ್ಲ.

ಎಸ್‌ಟಿಪಿ ನೀರನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕರೆಂಟ್ ಬಿಲ್ಲಿಗೆ ಹೆದರಿ, ನೀರಿಗೆ ಗಾಳಿಯೂದುವ ಬ್ಲೋಯರ್ ಆಫ್ ಮಾಡಿಡುವ ಎಸ್‌ಟಿಪಿಗಳಿಗೆ ಊರಲ್ಲಿ ಬರವಿಲ್ಲ. ಕೊಳಚೆ ಸೇರಿ ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆಯನ್ನು ಮರೆಯುವಂತೆಯೂ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ಕೆರೆಗಳಿಗೆ ಹರಿಯುತ್ತಿರುವ ಕೋಲಾರದಲ್ಲಿ, ಎರಡೇ ಹಂತದ ಶುದ್ಧೀಕರಣ ಸಾಲದು ಎಂದು ಜನ ತಕರಾರೆತ್ತಿದ್ದೂ ಸರಿಯೇ, ಏಕೆಂದರೆ ಕೆರೆಯಿಂದ ಅದು ಬೋರ್‌ವೆಲ್ಲಿಗೆ ಇಳಿಯುತ್ತದೆ. ಆದರೆ ಆ ತಕರಾರು ಅರೆಬರೆ ಕೆಲಸದ ಮೇಲಿನದು. ಇನ್ನಷ್ಟು ಶುದ್ಧ ಮಾಡಿ, ಪರೀಕ್ಷೆಯ ವರದಿ ತೋರಿಸಿ ಎನ್ನುವಂಥದ್ದು. ಕಮೋಡಿಗಂತೂ ಅಷ್ಟು ಬಿಗಿಯೂ ಬೇಕಿಲ್ಲ.

ಹಳೆಯ ಮನೆಗಳ ಮಾತು ಬಂದಾಗ ಮಾತ್ರ ನನ್ನ ವಾದ ಕುಂಟುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಟೈಲ್ಸ್ ಒಡೆದು, ಬಳಸಿ ಶುದ್ಧ ಮಾಡಿದ ನೀರನ್ನು ಕಮೋಡಿಗೆ ತರಲು ಇನ್ನೊಂದು ಪೈಪ್ ಎಳೆಸಿ ಎಂದು ಯಾರಿಗೆ ಹೇಳುವುದು? ಅಲ್ಲಿ ವಾಷಿಂಗ್ ಮೆಷಿನ್ ಬಿಟ್ಟ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಕ್ಕಸಿಗೆ ಸುರಿದರೆ ಅದೇ ದೊಡ್ಡದು. ಆದರೆ ಈಗ ಪಾಯ ತೋಡುತ್ತಿರುವ ಮನೆಯ ಪ್ಲಾನಿನಲ್ಲೂ ಒಂದೇ ಟ್ಯಾಂಕು, ಒಂದೇ ಪೈಪು ಬರೆದು ಖರ್ಚಿನ ನೆಪ ಹೇಳುವವರನ್ನು ನಾನು ಒಪ್ಪುವುದಿಲ್ಲ. ಮುಂಬಾಗಿಲಿನ ಕೆತ್ತನೆಗೆ ಸುರಿಯುವ ದುಡ್ಡಿನಲ್ಲಿ ಆ ಎರಡನೆಯ ಪೈಪು ಬಂದು ಇನ್ನೂ ಚಿಲ್ಲರೆ ಮಿಗುತ್ತದೆ.