ಮನೆಯ ಹಿಂದೆ ಕಟ್ಟಿದ ಕಾರು

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕೊಲರಾಡೊ ನದಿಯಿಂದ ಸುಮಾರು 20 ಮೈಲಿ ಪೂರ್ವಕ್ಕೆ, ಕ್ವಾರ್ಟ್ಜ್‌ಸೈಟ್ ಎಂಬ ಊರಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 2,400. ಬೇಸಿಗೆಯಲ್ಲಿ ಈ ಮರುಭೂಮಿಯ ಬಿಸಿಲಿಗೆ ಹೆದರಿ ಯಾರೂ ನಿಲ್ಲುವುದಿಲ್ಲ. ಹೆದ್ದಾರಿಯ ಲಾರಿಗಳು ಎಣ್ಣೆ ತುಂಬಿಸಿಕೊಂಡು ಮುಂದಕ್ಕೆ ಹೋಗಿಬಿಡುತ್ತವೆ. ಆದರೆ ಉತ್ತರದ ರಾಜ್ಯಗಳಲ್ಲೂ ಕೆನಡಾದಲ್ಲೂ ಹಿಮ ಬೀಳತೊಡಗಿತೆಂದರೆ ಇಲ್ಲಿ ಜಾತ್ರೆ ನೆರೆಯುತ್ತದೆ. ನಿವೃತ್ತ ದಂಪತಿಗಳು ಮನೆಯನ್ನೇ ಚಕ್ರದ ಮೇಲೆ ಕೂರಿಸಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತಾರೆ. ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಇರುವ, ನಲವತ್ತು ಅಡಿವರೆಗೂ ಉದ್ದವಿರುವ ಈ ವಾಹನಗಳಿಗೆ ಮೋಟಾರ್‌ಹೋಮ್ ಎಂದು ಹೆಸರು.

ಊರಿನ ದಕ್ಷಿಣಕ್ಕೆ, 95ನೇ ಹೆದ್ದಾರಿಯ ಎರಡೂ ಬದಿಯಲ್ಲಿ, ಲಾ ಪೋಸಾ ಎಂಬ ವಿಶಾಲ ಬಯಲಿದೆ. ಅದು ಸರ್ಕಾರಿ ಜಮೀನು. ಶುಲ್ಕ ಕಟ್ಟಿದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ಬಿಡಾರ ಹೂಡಬಹುದು. ವಿದ್ಯುತ್ ಸಂಪರ್ಕವಿಲ್ಲ, ಬಿಡಾರದ ಬಾಗಿಲಿಗೆ ನಲ್ಲಿಯಿಲ್ಲ. ಜಲ್ಲಿಕಲ್ಲಿನ ನೆಲ, ಅಲ್ಲಲ್ಲಿ ಕೈ ಮೇಲೆತ್ತಿ ನಿಂತಂತಿರುವ ಸಗುವಾರೊ ಕಳ್ಳಿ, ದೂರದಲ್ಲಿ ಬೋಳು ಬೆಟ್ಟ.

ಈ ಬಯಲಿಗೆ ಬರುವ ಮೋಟಾರ್‌ಹೋಮುಗಳನ್ನು ನೋಡುತ್ತ ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಬಹುತೇಕ ಪ್ರತಿಯೊಂದರ ಹಿಂದೆಯೂ ಒಂದು ಪುಟ್ಟ ಕಾರೋ ಜೀಪೋ ನಾಲ್ಕೂ ಚಕ್ರಗಳ ಮೇಲೆ ಉರುಳುತ್ತ ಬರುತ್ತಿರುತ್ತದೆ. ಸಂತೆಯಿಂದ ಮರಳುವ ಎತ್ತಿನಗಾಡಿಯ ಹಿಂದೆ ಕಟ್ಟಿದ ಕರುವಿನ ಹಾಗೆ! ಅಮೆರಿಕನ್ನರು ಇದನ್ನು ತಮಾಷೆಗೆ 'ಟೋಡ್', ಅಂದರೆ ಕಪ್ಪೆ ಎನ್ನುತ್ತಾರೆ. ಅವರ ಭಾಷೆಯಲ್ಲಿ 'ಎಳೆಯಲ್ಪಟ್ಟದ್ದು' ಎಂಬ ಪದದ ಉಚ್ಚಾರಣೆಯೂ ಹೆಚ್ಚುಕಡಿಮೆ ಅದೇ.

ಕಾರು ಏಕೆ ಬೇಕು? ಮೋಟಾರ್‌ಹೋಮ್ ಒಮ್ಮೆ ಬಯಲಲ್ಲಿ ನಿಂತು, ಜಾಕುಗಳ ಮೇಲೆ ಸಮತಟ್ಟಾಗಿ ಕುಳಿತಿತೆಂದರೆ ಅದು ಮನೆಯೇ. ಹಾಲು ತರಲು ಯಾರೂ ಮನೆಯನ್ನು ಓಡಿಸಿಕೊಂಡು ಅಂಗಡಿಗೆ ಹೋಗುವುದಿಲ್ಲ. ಹಾಲಿನ ಮಾತು ಹಾಗಿರಲಿ. ಎಪ್ಪತ್ತು ದಾಟಿದ ಒಬ್ಬರಿಗೆ ರಾತ್ರಿ ಎದೆನೋವು ಬಂದು ಆಂಬುಲೆನ್ಸಿಗೆ ಕಾಯಲು ಪುರಸೊತ್ತಿಲ್ಲದಿದ್ದರೆ, ಆಸ್ಪತ್ರೆಯಿರುವ ಪಾರ್ಕರ್ ಪಟ್ಟಣ ಸುಮಾರು 35 ಮೈಲಿ ದೂರ. ಆಗ ಆ ಪುಟ್ಟ ಕಾರೇ ಗತಿ. ಹೀಗಾಗಿ ಅದು ಊರು ತಲುಪಿದರೆ ಸಾಲದು, ಕೆಡದೆ ತಲುಪಬೇಕು.

ಕರ್ನಾಟಕದ ರಸ್ತೆಗಳಲ್ಲಿ ಕೆಟ್ಟುನಿಂತ ಲಾರಿಯನ್ನು ಇನ್ನೊಂದು ಲಾರಿ ಹಗ್ಗ ಕಟ್ಟಿ ಎಳೆಯುವುದನ್ನು ನೋಡದವರಿಲ್ಲ. ಹಾಗೆ ಎಳೆಯುವಾಗ ಹಿಂದಿನ ಲಾರಿಯಲ್ಲೂ ಒಬ್ಬ ಕುಳಿತಿರುತ್ತಾನೆ. ಸ್ಟೀರಿಂಗ್ ತಿರುಗಿಸುವವನು, ಬ್ರೇಕ್ ಒತ್ತುವವನು, ಏನಾದರೂ ಎಡವಟ್ಟಾದರೆ ಹಾರ್ನ್ ಬಾರಿಸುವವನು ಅವನೇ. ಮೋಟಾರ್‌ಹೋಮಿನ ಹಿಂದಿನ ಕಾರಿನಲ್ಲಿ ಯಾರೂ ಇರುವುದಿಲ್ಲ. ಅದನ್ನು ಎಳೆಯಲು ಸಜ್ಜುಗೊಳಿಸುವುದೆಂದರೆ, ಆ ಇಲ್ಲದ ಚಾಲಕನ ಒಂದೊಂದು ಕೆಲಸವನ್ನೂ ಮೊದಲೇ ಕಬ್ಬಿಣಕ್ಕೋ ತಂತಿಗೋ ಒಪ್ಪಿಸಿ ಹೊರಡುವುದು.

ಮೊದಲನೆಯ ಪ್ರಶ್ನೆ, ಈ ಕಾರನ್ನು ಹಾಗೆ ಎಳೆಯಬಹುದೇ ಎಂಬುದು. ಅನೇಕ ಕಾರುಗಳನ್ನು ಎಳೆಯಲಾಗದು. ಆಟೊಮ್ಯಾಟಿಕ್ ಗೇರ್‌ಪೆಟ್ಟಿಗೆಯ ಒಳಗೆ ಎಣ್ಣೆಯನ್ನು ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆರಿಸಿ ಕಾರನ್ನು ಎಳೆದರೆ ಚಕ್ರಗಳು ಗೇರ್‌ಪೆಟ್ಟಿಗೆಯ ಕೆಲ ಭಾಗಗಳನ್ನು ತಿರುಗಿಸುತ್ತಲೇ ಇರುತ್ತವೆ, ಎಣ್ಣೆ ಮಾತ್ರ ಏರುವುದಿಲ್ಲ. ಕೆಲವು ಗಂಟೆಗಳಲ್ಲಿ ಸಾವಿರಾರು ಡಾಲರಿನ ಪೆಟ್ಟಿಗೆ ಸುಟ್ಟು ಕರಕಲಾಗಬಹುದು. ಮುಂದೆ ಕುಳಿತವರಿಗೆ ಅದರ ವಾಸನೆಯೂ ಬರುವುದಿಲ್ಲ.

ಪುಟ್ಟ ಜೀಪುಗಳಿಗೆ ಇಲ್ಲಿ ಬೇಡಿಕೆ ಹುಟ್ಟಿದ್ದು ಇದೇ ಕಾರಣಕ್ಕೆ. ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಜೀಪಿನಲ್ಲಿ ಗೇರ್‌ಪೆಟ್ಟಿಗೆಯ ಆಚೆಗೆ 'ಟ್ರಾನ್ಸ್‌ಫರ್ ಕೇಸ್' ಎಂಬ ಎರಡನೆಯ ಪೆಟ್ಟಿಗೆಯಿರುತ್ತದೆ. ಹಲವು ಜೀಪುಗಳಲ್ಲಿ ಅದಕ್ಕೇ ಪ್ರತ್ಯೇಕ ನ್ಯೂಟ್ರಲ್ ಉಂಟು. ಆ ಸನ್ನೆಯನ್ನು ನ್ಯೂಟ್ರಲ್‌ಗೆ ತಂದರೆ ಚಕ್ರಕ್ಕೂ ಗೇರ್‌ಪೆಟ್ಟಿಗೆಗೂ ಸಂಬಂಧ ಕಡಿದಂತೆ. 1985ರಿಂದ 1995ರವರೆಗೆ ಅಮೆರಿಕದಲ್ಲಿ ಮಾರಾಟವಾದ ಸುಜುಕಿ ಸಮುರಾಯ್ ಇಂಥದ್ದು. ತೂಕ ಒಂದು ಟನ್ನಿಗಿಂತ ಕಡಿಮೆ. ನಾಗರಹೊಳೆ, ಬಂಡೀಪುರಗಳ ಸಫಾರಿಯಿಂದ ಕನ್ನಡಿಗರಿಗೆ ಪರಿಚಿತವಾದ ಮಾರುತಿ ಜಿಪ್ಸಿ ಅದೇ ಕುಲದ ಕೂಸು. ಜೀಪ್ ರ‍್ಯಾಂಗ್ಲರ್ ಇಂದಿಗೂ ಮೋಟಾರ್‌ಹೋಮಿನವರ ಅಚ್ಚುಮೆಚ್ಚು.

ಹೋಂಡಾ ಸಿಆರ್-ವಿಯ ಕತೆ ಬೇರೆ. ಅದರಲ್ಲಿ ಇಂಥ ನ್ಯೂಟ್ರಲ್ ಇಲ್ಲ. ಆದರೂ 2014ರ ಮಾದರಿಯವರೆಗೆ ಅದನ್ನು ಎಳೆಯಬಹುದಿತ್ತು, ಒಂದು ವ್ರತದಂತೆ ನಿಯಮ ಪಾಲಿಸಿದರೆ. ಎಂಜಿನ್ ಚಾಲೂ ಮಾಡಿ, ಗೇರ್ ಸನ್ನೆಯನ್ನು ಎಲ್ಲ ಸ್ಥಾನಗಳಲ್ಲೂ ಹಾಯಿಸಿ, 'ಡಿ'ಗೆ ತಂದು, ಅಲ್ಲಿಂದ ನ್ಯೂಟ್ರಲ್‌ಗೆ ತಂದು, ಮೂರು ನಿಮಿಷ ಹಾಗೆಯೇ ಓಡಗೊಟ್ಟು ಆರಿಸಬೇಕು. ದೀರ್ಘ ಪ್ರಯಾಣವಾದರೆ ಎಂಟು ಗಂಟೆಗೊಮ್ಮೆ ಇದನ್ನೇ ಪುನಃ ಮಾಡಬೇಕು. ಗಂಟೆಗೆ 65 ಮೈಲಿ ಮೀರಬಾರದು. 2015ರಲ್ಲಿ ಗೇರ್‌ಪೆಟ್ಟಿಗೆಯ ಬಗೆ ಬದಲಾಯಿತು, ಕಂಪನಿ ಅನುಮತಿಯನ್ನು ಹಿಂತೆಗೆದುಕೊಂಡಿತು. ಹೊರಗಿನ ಹೆಸರು ಅದೇ, ಒಳಗಿನ ಯಂತ್ರ ಬೇರೆ. ಆದ್ದರಿಂದ ಅನುಭವಿಗಳು ನೆರೆಯವರ ಮಾತಿಗಿಂತ ಆ ವರ್ಷದ ಕೈಪಿಡಿಯನ್ನು ನಂಬುತ್ತಾರೆ.

ಎರಡನೆಯದು ತೂಕದ ಲೆಕ್ಕ. ಇದು ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಕಳೆಯುವ ಲೆಕ್ಕವೇ, ಆದರೂ ದೊಡ್ಡವರು ಇದರಲ್ಲೇ ಎಡವುತ್ತಾರೆ. ಒಂದು ಮೋಟಾರ್‌ಹೋಮಿನ ತುಂಬಿದ ತೂಕದ ಮಿತಿ 22,000 ಪೌಂಡ್, ಮನೆ ಮತ್ತು ಕಾರು ಸೇರಿದ ಒಟ್ಟು ಮಿತಿ 26,000 ಪೌಂಡ್ ಎಂದಿಟ್ಟುಕೊಳ್ಳಿ. ಹಿಂದಿನ ಕೊಂಡಿಯ ಮೇಲೆ 5,000 ಪೌಂಡ್ ಎಂದು ಬರೆದಿದ್ದರೂ, ಮನೆ ತುಂಬಿದ್ದಾಗ ಎಳೆಯಲು ಉಳಿಯುವುದು 4,000 ಪೌಂಡ್, ಅಂದರೆ ಸುಮಾರು 1,800 ಕಿಲೋ ಮಾತ್ರ. ಮರುಭೂಮಿಗೆ ಹೊರಟವರು ತೊಟ್ಟಿ ತುಂಬ ನೀರು ಹೊತ್ತು ಬರುತ್ತಾರೆ. ನೂರು ಗ್ಯಾಲನ್ ನೀರೆಂದರೆ 830 ಪೌಂಡಿಗೂ ಮಿಗಿಲು.

ಇನ್ನು ಕಬ್ಬಿಣದ ಕೆಲಸ. ಕಾರಿನ ಮುಂದಿನ ಬಂಪರಿನ ಹೊದಿಕೆ ಬಿಚ್ಚಿ, ಒಳಗಿನ ಚೌಕಟ್ಟಿಗೆ 'ಬೇಸ್ ಪ್ಲೇಟ್' ಎಂಬ ಉಕ್ಕಿನ ಆಧಾರವನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಆಯಾ ಕಾರಿಗೆ ಆಯಾ ಆಧಾರವೇ ಆಗಬೇಕು. ಅದರಿಂದ ಮೋಟಾರ್‌ಹೋಮಿನ ಕೊಂಡಿಯವರೆಗೆ 'ಎ' ಅಕ್ಷರದಂತೆ ಕವಲೊಡೆದ ಎಳೆಸರಳು. ಇದು ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿರಬೇಕು. ಮೂರು-ನಾಲ್ಕು ಅಂಗುಲಕ್ಕಿಂತ ಹೆಚ್ಚು ಓರೆಯಾದರೆ ಜೋರಾಗಿ ಬ್ರೇಕ್ ಹಾಕಿದಾಗ ಬಲ ನೇರವಾಗಿ ಸಾಗದೆ ಜೋಡಣೆಗೇ ಏಟು. ಸರಳು ಕಳಚಿದರೆ ಹಿಡಿದುಕೊಳ್ಳಲು ಎರಡು ಉಕ್ಕಿನ ಮಿಣಿಗಳು.

ಹಿಂಬದಿಯ ದೀಪಗಳದ್ದು ಪಿಯುಸಿ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ವಿಷಯ. ಮುಂದಿನ ಮನೆ ಬಲಕ್ಕೆ ತಿರುಗುವ ಸೂಚನೆ ಕೊಟ್ಟರೆ ಹಿಂದಿನ ಕಾರಿನ ಬಲದೀಪವೂ ಮಿನುಗಬೇಕು. ತಂತಿಯನ್ನು ಸುಮ್ಮನೆ ಜೋಡಿಸಿಬಿಟ್ಟರೆ ವಿದ್ಯುತ್ ಕಾರಿನ ಉಳಿದ ಭಾಗಗಳಿಗೂ ಹಿಮ್ಮುಖವಾಗಿ ಹರಿದು ತೊಂದರೆ. ಅದಕ್ಕೆ ನಡುವೆ ಡಯೋಡ್ ಕೂರಿಸುತ್ತಾರೆ. ಪಠ್ಯಪುಸ್ತಕದಲ್ಲಿ ಬಾಣದ ಗುರುತಾಗಿ ಕಾಣುವ, ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಅದೇ ಡಯೋಡ್.

ಎಲ್ಲಕ್ಕಿಂತ ಮುಖ್ಯವಾದದ್ದೂ ಜನ ಉದಾಸೀನ ಮಾಡುವುದೂ ಬ್ರೇಕನ್ನೇ. ಮುಂದಿನ ವಾಹನ ಅಷ್ಟು ದೊಡ್ಡದು, ಹಿಂದಿನ ಕಾರು ಇಷ್ಟು ಸಣ್ಣದು, ಬ್ರೇಕ್ ಯಾಕೆ ಎಂಬ ವಾದ ಕೇಳಿಬರುತ್ತದೆ. 1,500 ಕಿಲೋ ತೂಕದ ಕಾರು ಗಂಟೆಗೆ 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 4.7 ಲಕ್ಷ ಜೂಲ್. ಅದೇ ಕಾರನ್ನು ಹತ್ತಂತಸ್ತಿನ ಕಟ್ಟಡದ ತುದಿಗೆ ಎತ್ತಲು ಬೇಕಾಗುವಷ್ಟು ಶಕ್ತಿ! ಅಷ್ಟನ್ನೂ ಮುಂದಿನ ಮನೆಯ ಬ್ರೇಕೇ ಹೆಚ್ಚುವರಿಯಾಗಿ ನುಂಗಬೇಕು. ಕ್ವಾರ್ಟ್ಜ್‌ಸೈಟಿನಿಂದ ಪಶ್ಚಿಮಕ್ಕೆ ಹೊರಟರೆ ಕ್ಯಾಲಿಫೋರ್ನಿಯಾದಲ್ಲಿ ಚಿರಿಯಾಕೊ ಸಮ್ಮಿಟ್ ಎಂಬ ಏರು ಸಿಗುತ್ತದೆ, ಎತ್ತರ 1,706 ಅಡಿ. ಅಲ್ಲಿಂದ ಮೂವತ್ತು ಮೈಲಿಯೊಳಗೆ ರಸ್ತೆ ಇಂಡಿಯೊ ಪಟ್ಟಣಕ್ಕೆ, ಸಮುದ್ರಮಟ್ಟಕ್ಕಿಂತಲೂ ಕೆಳಕ್ಕೆ, ಇಳಿದುಬಿಡುತ್ತದೆ. ಇಂಥ ಇಳಿಜಾರಿನಲ್ಲಿ ಕಾದ ಬ್ರೇಕಿನ ಮೇಲೆ ಹಿಂದಿನಿಂದ ಒಂದೂವರೆ ಟನ್ ದೂಡುತ್ತಿದ್ದರೆ ಏನಾದೀತು?

ಆದ್ದರಿಂದ ಕಾರಿನ ಚಾಲಕನ ಸೀಟಿನ ಮುಂದೆ ಒಂದು ಪೆಟ್ಟಿಗೆ ಇಡುತ್ತಾರೆ. ವೇಗ ತಗ್ಗಿದ್ದನ್ನು ತಾನೇ ಅರಿತು, ಅದು ಕಬ್ಬಿಣದ ಕಾಲಿನಿಂದ ಬ್ರೇಕ್ ಪೆಡಲನ್ನು ಒತ್ತುತ್ತದೆ. ಕೊಂಡಿ ಕಳಚಿ ಕಾರು ಬೇರ್ಪಟ್ಟರೆ ತೆಳುವಾದ ತಂತಿಯೊಂದು ಪಿನ್ ಕಿತ್ತು ಬ್ರೇಕನ್ನು ಪೂರ್ತಿ ಬಿಗಿಯುತ್ತದೆ. ಆದರೆ ಈ ಕಾಲು ಒಮ್ಮೊಮ್ಮೆ ಪೆಡಲನ್ನು ಬಿಡದೆ ಹಿಡಿದುಕೊಂಡರೆ? ಚಕ್ರ ಕಾದು ಬೆಂಕಿ ಹತ್ತಬಹುದು. ಮುಂದಿನವರಿಗೆ ಸೂಚಿಸಲು ಅವರ ಕಣ್ಣೆದುರು ಒಂದು ಕೆಂಪು ದೀಪ, ಹಿಂದೆ ಒಂದು ಕ್ಯಾಮೆರಾ. ಹೀಗೆ ಒಂದಕ್ಕೊಂದು ಕಾವಲು.

ಒಂದು ಕೆಲಸವನ್ನು ಮಾತ್ರ ಯಾವ ಯಂತ್ರಕ್ಕೂ ಒಪ್ಪಿಸಲಾಗಿಲ್ಲ. ಈ ಜೋಡಿ ಹಿಮ್ಮುಖವಾಗಿ ಚಲಿಸಲಾರದು. ಹಿಂದಕ್ಕೆ ದೂಡಿದರೆ ಕಾರಿನ ಮುಂಚಕ್ರಗಳು ತಮಗೆ ತೋಚಿದ ಕಡೆ ಹೊರಳಿ ಸರಳೇ ಬಗ್ಗಿಹೋಗುತ್ತದೆ. ಅರವತ್ತು ಅಡಿ ಉದ್ದದ ಈ ಮೆರವಣಿಗೆ ಇಕ್ಕಟ್ಟಿನ ಪೆಟ್ರೋಲ್ ಬಂಕಿಗೆ ನುಗ್ಗಿತೋ, ಹಿಂದೆ ಸಾಲುಗಟ್ಟಿದವರ ಹಾರ್ನಿನ ನಡುವೆ ಇಳಿದು, ಕಾರನ್ನು ಬಿಚ್ಚಿ, ಎರಡನ್ನೂ ಬೇರೆಬೇರೆಯಾಗಿ ಹೊರಗೆ ತಂದು ಪುನಃ ಕಟ್ಟಬೇಕು. ದಂಪತಿಗಳ ನಡುವಿನ ಜಗಳಗಳಿಗೆ ಇದು ಪ್ರಸಿದ್ಧ ಸ್ಥಳ.

ಇಷ್ಟೆಲ್ಲ ಪಾಡುಪಟ್ಟು ತಂದ ಜೀಪು ಬಯಲಿಗೆ ಬಂದ ಮೇಲೆ ಸುಮ್ಮನಿರುವುದಿಲ್ಲ. 18 ಮೈಲಿ ದಕ್ಷಿಣಕ್ಕೆ ಹೋಗಿ, ಅಲ್ಲಿಂದ 7 ಮೈಲಿ ಮಣ್ಣುದಾರಿ ಹಿಡಿದರೆ ಕೋಫಾ ವನ್ಯಧಾಮದ ಪಾಮ್ ಕಣಿವೆ. ಬಂಡೆಯ ಬಿರುಕಿನಲ್ಲಿ, ಅರಿಜೋನಾದಲ್ಲಿ ಅಪರೂಪವಾದ ಕಾಡುತಾಳೆ ಮರಗಳು ಹಸಿರಾಗಿ ನಿಂತಿವೆ. ಬಿಗ್‌ಹಾರ್ನ್ ಎಂಬ ಕಾಡುಕುರಿಗಳನ್ನು ಉಳಿಸಬೇಕೆಂದು ಆ ರಾಜ್ಯದ ಸ್ಕೌಟ್ ಬಾಲಕರು ಚಳವಳಿ ಹೂಡಿದ್ದರಿಂದ 1939ರಲ್ಲಿ ಈ ಧಾಮ ಹುಟ್ಟಿತು. ನಲವತ್ತು ಅಡಿಯ ಮನೆಯನ್ನು ಆ ದಾರಿಗೆ ಇಳಿಸುವ ಧೈರ್ಯ ಹೆಚ್ಚಿನವರಿಗಿಲ್ಲ.

ಏಪ್ರಿಲ್ 15 ಸಮೀಪಿಸಿದಂತೆ ಬಿಡಾರಗಳು ಏಳುತ್ತವೆ. ಸರಳು ಸೇರಿಸಿ, ಪಿನ್ ಹಾಕಿ, ಮಿಣಿ ಬಿಗಿದು, ದೀಪ ಪರೀಕ್ಷಿಸಿ, ಸ್ಟೀರಿಂಗ್ ಬೀಗ ಬಿಟ್ಟಿದೆಯೇ, ಹ್ಯಾಂಡ್‌ಬ್ರೇಕ್ ಇಳಿಸಿದೆಯೇ ಎಂದು ಕಾಗದದ ಪಟ್ಟಿ ಹಿಡಿದು ಒಬ್ಬರು ಓದುತ್ತಾರೆ, ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಬಳಿಕ ಒಬ್ಬರು ಮನೆಯನ್ನು ನಡಿಗೆಯ ವೇಗದಲ್ಲಿ ಐವತ್ತು ಗಜ ಮುಂದಕ್ಕೆ ಒಯ್ಯುತ್ತಾರೆ. ಮತ್ತೊಬ್ಬರು ಜೀಪಿನ ಪಕ್ಕದಲ್ಲೇ ನಡೆಯುತ್ತ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಬಗ್ಗಿ ನೋಡುತ್ತಾರೆ. ನಾಲ್ಕೂ ಚಕ್ರ ತಿರುಗುತ್ತಿವೆ ಎಂದು ಅವರು ಕೈ ಎತ್ತಿದ ಮೇಲೆಯೇ ಮನೆ ಹೆದ್ದಾರಿಯ ಕಡೆಗೆ ಹೊರಡುವುದು.